ಸಂಪಾದಕರ ಉತ್ತರ: ಹಾಲಿನ ಲೆಕ್ಕವೂ ಸಾಫ್ಟ್‌ವೇರ್ ಓದೂ

ಮಾನ್ಯರೇ,

ಉಳಿದ ಓದುಗರಿಗೂ ತಿಳಿಯಲೆಂದು ನಿಮ್ಮ ಪತ್ರದ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ನೀವು ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಮಗಳು ಹತ್ತನೆಯ ತರಗತಿಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿ, ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು, ಸಿಇಟಿ ಬರೆದಿದ್ದಾಳೆ. ಬಂದಿರುವ ರ‍್ಯಾಂಕಿಗೆ ಒಳ್ಳೆಯ ಕಾಲೇಜಿನಲ್ಲಿ ಇನ್ಫರ್ಮೇಷನ್ ಸೈನ್ಸ್ ಸಿಗುವಂತಿದೆ. ಕಂಪ್ಯೂಟರ್ ಸೈನ್ಸೇ ಬೇಕೆಂದರೆ ಯಾರೂ ಹೆಸರು ಕೇಳದ ಕಾಲೇಜಿಗೆ ಹೋಗಬೇಕು. ತಾಲ್ಲೂಕು ಕೇಂದ್ರದಲ್ಲೇ ಬಿಸಿಎ ಮಾಡಿಸಿ ಎನ್ನುವವರೂ ಇದ್ದಾರೆ. ಮಗಳಿಗೆ ಇಂಗ್ಲಿಷಿನ ಭಯ. ನಿಮಗೆ ಸಾಲದ ಭಯ. ಅದರ ಮೇಲೆ, ಈಗ ಕೃತಕ ಬುದ್ಧಿಮತ್ತೆಯೇ ಪ್ರೋಗ್ರಾಂ ಬರೆಯುತ್ತದಂತೆ, ನಾಲ್ಕು ವರ್ಷದ ನಂತರ ಈ ಓದಿಗೆ ಬೆಲೆ ಇರುತ್ತದೆಯೇ ಎಂದು ನೆಂಟರೊಬ್ಬರು ಕೇಳಿದ ಮಾತು ನಿಮ್ಮ ನಿದ್ದೆ ಕೆಡಿಸಿದೆ.

ಸುಲಭದ ಪ್ರಶ್ನೆಯನ್ನು ಮೊದಲು ಮುಗಿಸೋಣ. ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಷನ್ ಸೈನ್ಸ್ ಎಂಬ ಹೆಸರಿನ ವ್ಯತ್ಯಾಸಕ್ಕಾಗಿ ಒಳ್ಳೆಯ ಕಾಲೇಜನ್ನು ಬಿಡಬೇಡಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಈ ಎರಡೂ ವಿಭಾಗಗಳ ಮುಖ್ಯ ವಿಷಯಗಳು ಬಹುಪಾಲು ಒಂದೇ, ಅವುಗಳ ವಿಷಯಸಂಕೇತವೂ ಒಂದೇ. 2022ರ ಪಠ್ಯಕ್ರಮವನ್ನು ನೋಡಿದರೆ ಡೇಟಾ ಸ್ಟ್ರಕ್ಚರ್ ಮತ್ತು ಆಪರೇಟಿಂಗ್ ಸಿಸ್ಟಂ ಮೂರನೆಯ ಸೆಮಿಸ್ಟರಿನಲ್ಲಿ, ಆಲ್ಗರಿದಂ ಮತ್ತು ಡೇಟಾಬೇಸ್ ನಾಲ್ಕನೆಯದರಲ್ಲಿ, ಸಾಫ್ಟ್‌ವೇರ್ ಇಂಜಿನಿಯರಿಂಗ್ ಮತ್ತು ನೆಟ್‌ವರ್ಕ್ ಐದನೆಯದರಲ್ಲಿ ಬರುತ್ತವೆ. ಸ್ವಾಯತ್ತ ಕಾಲೇಜುಗಳು ತಮ್ಮ ಪಠ್ಯಕ್ರಮವನ್ನು ತಾವೇ ರೂಪಿಸಿಕೊಳ್ಳುವುದರಿಂದ ಅಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ಅಷ್ಟೇ. ಕೆಲಸ ಕೊಡುವವರು ಎರಡಕ್ಕೂ ಭೇದ ಮಾಡುವುದು ಕಡಿಮೆ. ನಿಜವಾದ ಅಂತರ ಇರುವುದು ಕಾಲೇಜು ಕಾಲೇಜಿನ ನಡುವೆ: ಪಾಠ ಹೇಳುವವರು ಯಾರು, ಎಷ್ಟು ವರ್ಷದಿಂದ ಅಲ್ಲಿದ್ದಾರೆ, ಪ್ರಯೋಗಾಲಯ ಸಂಜೆಯ ಮೇಲೂ ತೆರೆದಿರುತ್ತದೆಯೇ ಎಂಬುದರಲ್ಲಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಶ್ರೇಣಿ ಇಡೀ ಕಾಲೇಜಿಗೆ ಸಿಗುವಂಥದ್ದು. ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಒಂದೊಂದು ವಿಭಾಗಕ್ಕೆ ಬೇರೆಬೇರೆಯಾಗಿ ಸಿಗುತ್ತದೆ. ಆದ್ದರಿಂದ ಮಗಳು ಸೇರುವ ವಿಭಾಗಕ್ಕೇ ಎನ್‌ಬಿಎ ಇದೆಯೇ ಎಂದು ವಿಚಾರಿಸಿ.

ಇನ್ನು ಕಷ್ಟದ ಪ್ರಶ್ನೆ, ಈ ಓದು ಏನನ್ನು ಕಲಿಸುತ್ತದೆ ಎಂಬುದು. ಇದಕ್ಕೆ ಉತ್ತರ ಸಿಕ್ಕರೆ ನಿಮ್ಮ ನೆಂಟರ ಮಾತಿಗೂ ಉತ್ತರ ಸಿಗುತ್ತದೆ.

ಸಾಫ್ಟ್‌ವೇರ್ ಎಂದರೆ ಪ್ರೋಗ್ರಾಂ ಬರೆಯುವುದು ಎಂದೇ ಹೆಚ್ಚಿನವರ ಎಣಿಕೆ. ಅದು ಅರ್ಧ ಮಾತ್ರ. ಒಂದು ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ ಎಂದು ಅರಿತು, ಅದನ್ನು ತಪ್ಪಿಲ್ಲದ ದಾಖಲೆಗಳಾಗಿ ಇಳಿಸಿ, ಆ ದಾಖಲೆಯನ್ನು ನಂಬಿ ಬದುಕುವವರಿಗೆ ಅನ್ಯಾಯವಾಗದಂತೆ ನಡೆಸುವುದು ಉಳಿದರ್ಧ. ಮಾಹಿತಿ ವ್ಯವಸ್ಥೆ ಎನ್ನುವುದು ಇದನ್ನೇ. ಇದರಲ್ಲಿ ನೀವು ಹೊಸಬರಲ್ಲ. ದಿನಕ್ಕೆ ಎರಡು ಹೊತ್ತು ನಿಮ್ಮ ಡೇರಿಯಲ್ಲಿ ನಡೆಯುವುದು ಅದೇ ತಾನೇ?

ಸ್ವಲ್ಪ ಹತ್ತಿರದಿಂದ ನೋಡಿ. ಬೆಳಿಗ್ಗೆ ಒಬ್ಬ ಸದಸ್ಯ ಹಾಲು ತಂದು ಹಾಕುತ್ತಾನೆ. ಅವನ ಸದಸ್ಯ ಸಂಖ್ಯೆ, ಲೀಟರು, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ದಾಖಲಾಗುತ್ತವೆ. ಅವುಗಳಿಂದ ದರ, ದರದಿಂದ ಬಟವಾಡೆ, ಜೊತೆಗೆ ಸರ್ಕಾರದ ಪ್ರೋತ್ಸಾಹಧನ. ದಿನದಿನದ ಸಾಲಿನಲ್ಲಿ ಸದಸ್ಯನ ಹೆಸರನ್ನೂ ಬರೆಯುತ್ತಾ ಹೋದರೆ ಒಂದು ದಿನ ನಂಜೇಗೌಡ, ಇನ್ನೊಂದು ದಿನ ನಂಜೇಗೌಡ ಕೆ., ಮತ್ತೊಂದು ದಿನ ಕೆ. ನಂಜೇಗೌಡ ಎಂದಾಗುತ್ತದೆ. ಕಂಪ್ಯೂಟರಿನ ಕಣ್ಣಿಗೆ ಅವರು ಮೂವರು. ಅದಕ್ಕೇ ಸದಸ್ಯರದೊಂದು ಪಟ್ಟಿ, ಹಾಲಿನದೊಂದು ಪಟ್ಟಿ ಮಾಡಿ, ಎರಡನ್ನೂ ಸದಸ್ಯ ಸಂಖ್ಯೆಯೊಂದರಿಂದ ಜೋಡಿಸುತ್ತಾರೆ. ಹೀಗೆ ಕೋಷ್ಟಕಗಳನ್ನು ಪರಸ್ಪರ ಸಂಬಂಧದಿಂದ ಕಟ್ಟುವ ವಿಧಾನವನ್ನು ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದರು. ಇಂದಿಗೂ ಬ್ಯಾಂಕು, ರೈಲು, ಆಸ್ಪತ್ರೆಗಳ ದಾಖಲೆಗಳು ಬಹುಪಾಲು ಅದರ ಮೇಲೆಯೇ ನಿಂತಿವೆ. ನಾಲ್ಕನೆಯ ಸೆಮಿಸ್ಟರಿನಲ್ಲಿ ನಿಮ್ಮ ಮಗಳು ಓದುವುದು ಇದನ್ನೇ.

ಪಟ್ಟಿ ಮಾಡುವುದು ಕಷ್ಟವಲ್ಲ. ಕಷ್ಟ ಇರುವುದು ಮುಂದೆ. ಸದಸ್ಯ ತೀರಿಕೊಂಡು ಮಗ ಹಾಲು ಹಾಕತೊಡಗಿದರೆ ಹಳೆಯ ಲೆಕ್ಕ ಯಾರ ಹೆಸರಿನಲ್ಲಿರಬೇಕು? ಕರೆಂಟು ಹೋಗಿ ಪರೀಕ್ಷಾ ಯಂತ್ರ ನಿಂತ ಬೆಳಿಗ್ಗೆ ಫ್ಯಾಟ್ ಎಷ್ಟೆಂದು ಬರೆಯುತ್ತೀರಿ? ಸೊನ್ನೆ ಎಂದೋ, ಖಾಲಿ ಎಂದೋ, ನಿನ್ನೆಯದ್ದನ್ನೇ ಎಂದೋ? ಮೂರಕ್ಕೂ ಬಟವಾಡೆಯಲ್ಲಿ ಬೇರೆಬೇರೆ ಫಲ. ಬರೆದ ಲೀಟರನ್ನು ಆಮೇಲೆ ತಿದ್ದುವ ಅಧಿಕಾರ ಯಾರಿಗೆ, ತಿದ್ದಿದ್ದಕ್ಕೆ ಗುರುತು ಉಳಿಯುತ್ತದೆಯೇ? ಇಂಥ ಪ್ರಶ್ನೆ ಕೇಳಲು ಹೊಳೆಯದ ಇಂಜಿನಿಯರ್ ಎಷ್ಟೇ ಚುರುಕಾಗಿ ಪ್ರೋಗ್ರಾಂ ಬರೆದರೂ ಅದು ಒಂದಲ್ಲ ಒಂದು ದಿನ ಯಾವುದೋ ಸದಸ್ಯನ ಹೊಟ್ಟೆಯ ಮೇಲೆ ಹೊಡೆಯುತ್ತದೆ. ಇವುಗಳಿಗೆಲ್ಲ ಉತ್ತರ ನಿಮಗೆ ಗೊತ್ತು. ಚಿಕ್ಕಂದಿನಿಂದ ಆ ಡೇರಿಯನ್ನು ನೋಡಿ ಬೆಳೆದ ನಿಮ್ಮ ಮಗಳಿಗೂ ಒಂದಿಷ್ಟು ಗೊತ್ತಿರುತ್ತದೆ. ಅದು ಪುಸ್ತಕದಿಂದ ಬರುವ ವಿದ್ಯೆಯಲ್ಲ, ಅವಳು ಅದನ್ನು ಕೀಳೆಂದು ತಿಳಿಯದಂತೆ ನೋಡಿಕೊಳ್ಳಿ.

ಇದು ಎಷ್ಟು ದೊಡ್ಡ ವಿಷಯ ಎಂಬುದಕ್ಕೆ ಬ್ರಿಟನ್ನಿನ ಅಂಚೆ ಕಚೇರಿಗಳ ಪ್ರಕರಣವನ್ನು ಹೇಳಲೇಬೇಕು. ಅಲ್ಲಿ ಹಳ್ಳಿ, ಪೇಟೆಗಳ ಸಣ್ಣ ಅಂಚೆ ಕಚೇರಿಗಳನ್ನು ನಡೆಸುವವರು ಹೆಚ್ಚಾಗಿ ಅಂಗಡಿಯವರು, ಹೆಚ್ಚುಕಡಿಮೆ ನಿಮ್ಮಂಥವರೇ. ಫುಜಿತ್ಸು ಕಂಪನಿಯ ಹೊರೈಜನ್ ಎಂಬ ಲೆಕ್ಕದ ವ್ಯವಸ್ಥೆ 1999ರಿಂದ ಅವರ ಕಚೇರಿಗಳಿಗೆ ಬಂತು. ಅದಾದ ಮೇಲೆ ಎಷ್ಟೋ ಜನರ ಲೆಕ್ಕದಲ್ಲಿ ಹಣ ಕಡಿಮೆ ಬೀಳತೊಡಗಿತು. ದೋಷ ಸಾಫ್ಟ್‌ವೇರಿನದು. ಆದರೆ ಪರದೆ ಹೇಳಿದ್ದನ್ನೇ ಮೇಲಿನವರು ನಂಬಿದರು. ಜನ ತಮ್ಮ ಉಳಿತಾಯ ಸುರಿದು ಕೊರತೆ ತುಂಬಿದರು, ಮನೆ ಅಡವಿಟ್ಟರು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಮಂದಿಗೆ ಕಳ್ಳತನ, ಸುಳ್ಳು ಲೆಕ್ಕದಂಥ ಆರೋಪಗಳ ಮೇಲೆ ಶಿಕ್ಷೆಯಾಯಿತು. ಕೆಲವರು ಜೈಲಿಗೆ ಹೋದರು, ಕೆಲವರು ಪ್ರಾಣ ಕಳೆದುಕೊಂಡರು. ವ್ಯವಸ್ಥೆಯಲ್ಲೇ ದೋಷಗಳಿದ್ದವೆಂದು ಅಲ್ಲಿನ ಹೈಕೋರ್ಟು ಹೇಳಿದ್ದು 2019ರ ಡಿಸೆಂಬರಿನಲ್ಲಿ. ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದುಮಾಡಲು 2024ರಲ್ಲಿ ಸಂಸತ್ತು ಕಾನೂನನ್ನೇ ಮಾಡಬೇಕಾಯಿತು.

ಈಗ ನಿಮ್ಮ ನೆಂಟರ ಪ್ರಶ್ನೆಗೆ ಬರುತ್ತೇನೆ. ಕೃತಕ ಬುದ್ಧಿಮತ್ತೆ ಪ್ರೋಗ್ರಾಂ ಬರೆಯುತ್ತದೆ, ನಿಜ. ಸಾಮಾನ್ಯ ಕೋಡ್ ಬರೆಯುವುದಷ್ಟನ್ನೇ ನೆಚ್ಚಿಕೊಂಡವರಿಗೆ ಕಷ್ಟಕಾಲವೂ ನಿಜ. ಪಾಸಾದ ಕೂಡಲೇ ಸಾಲುಸಾಲಾಗಿ ಕೆಲಸ ಸಿಗುತ್ತಿದ್ದ ದಿನಗಳನ್ನು ನಂಬಿ ಸಾಲ ಮಾಡಬೇಡಿ. ಆದರೆ ಯಂತ್ರ ಬರೆದ ಲೆಕ್ಕ ಸರಿಯೇ ಎಂದು ಪರೀಕ್ಷಿಸುವವರು ಯಾರು? ಕೊರತೆ ಬಿದ್ದಾಗ ತಪ್ಪು ಕಾರ್ಯದರ್ಶಿಯದೋ ಸಾಫ್ಟ್‌ವೇರಿನದೋ ಎಂದು ಹುಡುಕಿ ಹೇಳುವವರು ಯಾರು? ಕೋಡ್ ಅಗ್ಗವಾದಷ್ಟೂ ಪರೀಕ್ಷಿಸದ ಕೋಡ್ ಹೆಚ್ಚುತ್ತದೆ. ಅದಕ್ಕೆ ಹೊಣೆ ಹೊರಬಲ್ಲವರ ಅಗತ್ಯವೂ ಹೆಚ್ಚುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಹಾಗಾಗಿ ಈ ಓದು ವ್ಯರ್ಥವಲ್ಲ. ಅರೆಬರೆ ಓದಿದರೆ ಮಾತ್ರ ವ್ಯರ್ಥ.

ಅರೆಬರೆ ಓದಿಗೆ ನಮ್ಮಲ್ಲಿ ದಾರಿಗಳು ಧಾರಾಳವಾಗಿವೆ ಎನ್ನುವುದೇ ನನ್ನ ಸಂಕಟ. ವಿದೇಶದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಮಾಹಿತಿ ವ್ಯವಸ್ಥೆಗಳ ವಿಭಾಗ ವಾಣಿಜ್ಯ, ಆಡಳಿತ ಶಾಲೆಗಳ ಜೊತೆಗಿರುತ್ತದೆ. ಸಂಸ್ಥೆಯೊಂದು ಹೇಗೆ ಕೆಲಸ ಮಾಡುತ್ತದೆ ಎನ್ನುವುದು ಅಲ್ಲಿ ಪಾಠದ ಭಾಗ. ನಮ್ಮ ಇನ್ಫರ್ಮೇಷನ್ ಸೈನ್ಸ್ ಆ ಭಾಗವನ್ನು ಹೆಚ್ಚುಕಡಿಮೆ ಕೈಬಿಟ್ಟಿದೆ. ಸಾಫ್ಟ್‌ವೇರ್ ಇಂಜಿನಿಯರಿಂಗ್ ಎಂಬ ವಿಷಯವನ್ನು ವ್ಯಾಖ್ಯೆಗಳ ಸರಮಾಲೆಯಂತೆ ಉರುಹೊಡೆದು, ಒಂದು ಕಚೇರಿಯನ್ನೂ ಕಾಣದೆ ಪಾಸಾಗುವವರು ಎಷ್ಟೋ. ಕೊನೆಯ ವರ್ಷದ ಪ್ರಾಜೆಕ್ಟಿನ ಕಥೆ ಇನ್ನೂ ಬೇಸರದ್ದು. ಸಿದ್ಧ ಪ್ರಾಜೆಕ್ಟನ್ನು ವರದಿಯ ಸಮೇತ ಮಾರುವ ಅಂಗಡಿಗಳಿವೆ. ನಾಲ್ಕು ವರ್ಷದ ಓದಿನಲ್ಲಿ ಸ್ವಂತ ಬುದ್ಧಿಯಿಂದ ಒಂದನ್ನು ಪೂರ್ತಿಯಾಗಿ ಕಟ್ಟುವ ಅವಕಾಶ ಅದೊಂದೇ, ಅದನ್ನೂ ಹಣ ಕೊಟ್ಟು ಕಳೆದುಕೊಳ್ಳುವುದೆಂದರೆ! ನಿಮ್ಮ ಮಗಳು ಅಂಥ ಅಂಗಡಿಯ ಮೆಟ್ಟಿಲು ಹತ್ತದಿರಲಿ. ನಿಮ್ಮ ಸಂಘದ ಲೆಕ್ಕವನ್ನೇ ಪ್ರಾಜೆಕ್ಟಾಗಿ ಹಿಡಿಯಲಿ, ಕರೆಂಟು ಹೋದ ಬೆಳಗನ್ನೂ ಸೇರಿಸಿ.

ಸರ್ಕಾರದ ವ್ಯವಸ್ಥೆಗಳನ್ನು ನೋಡಿ ಕಲಿಯುವುದೂ ಬಹಳ ಇದೆ. ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಅದರಲ್ಲಿ ನನಗೆ ಮುಖ್ಯವೆನಿಸಿದ್ದು ಪಹಣಿ ಮುದ್ರಿಸಿ ಕೊಟ್ಟದ್ದಲ್ಲ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ಸಾಫ್ಟ್‌ವೇರಿನೊಳಗೇ ಕೂರಿಸಿದ್ದು. ಹಿಂದೆ ಬಂದವರ ಅರ್ಜಿಯನ್ನು ಮುಂದೆ ತಳ್ಳುವುದು ಅದರಿಂದ ಕಷ್ಟವಾಯಿತು. ಮೂರನೆಯ ಸೆಮಿಸ್ಟರಿನ ಡೇಟಾ ಸ್ಟ್ರಕ್ಚರ್ ಪಾಠದಲ್ಲಿ ಕ್ಯೂ ಎಂದು ಕಲಿಸುವುದು ಇದನ್ನೇ: ಮೊದಲು ಬಂದದ್ದು ಮೊದಲು ಹೊರಡಬೇಕು. ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ. ತಾಲ್ಲೂಕು ಕಚೇರಿಯಲ್ಲಿ ಅದು ರೈತನಿಗೆ ಸಿಗುವ ನ್ಯಾಯ.

ಮಗಳ ಇಂಗ್ಲಿಷ್ ಭಯದ ಬಗ್ಗೆ. ಮೊದಲ ವರ್ಷ ಕಷ್ಟವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಪಾಠ, ಪುಸ್ತಕ, ಪ್ರಶ್ನೆಪತ್ರಿಕೆ ಎಲ್ಲವೂ ಇಂಗ್ಲಿಷಿನಲ್ಲಿ. ಆದರೆ ಈ ವಿಷಯದ ಇಂಗ್ಲಿಷ್ ಕಥೆ ಕಾದಂಬರಿಯ ಇಂಗ್ಲಿಷಲ್ಲ. ಶಬ್ದಗಳು ಕಡಿಮೆ, ಅವೇ ಮತ್ತೆ ಮತ್ತೆ ಬರುತ್ತವೆ. ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಕೇಂದ್ರ ಸಂಸ್ಥೆಯಾದ ಎಐಸಿಟಿಇ ಕನ್ನಡಕ್ಕೆ ತರಿಸಿದ ಇಂಜಿನಿಯರಿಂಗ್ ಪಠ್ಯಪುಸ್ತಕಗಳಿವೆ, ಎನ್‌ಪಿಟಿಇಎಲ್ ಎಂಬ ಅಂತರ್ಜಾಲ ಕಲಿಕಾ ಯೋಜನೆಯ ಪಾಠಗಳಲ್ಲಿ ಕೆಲವಕ್ಕೆ ಕನ್ನಡ ಅನುವಾದವಿದೆ. ಮೊದಲು ಕನ್ನಡದಲ್ಲಿ ವಿಷಯ ಹಿಡಿದು, ನಂತರ ಇಂಗ್ಲಿಷಿನಲ್ಲಿ ಬರೆದು ಅಭ್ಯಾಸ ಮಾಡಲಿ. ಗಣಿತ ಗಟ್ಟಿಯಿದ್ದರೆ ಭಾಷೆ ಹಿಂದೆಯೇ ಬರುತ್ತದೆ.

ಕನ್ನಡ ಬಲ್ಲವಳು ಎನ್ನುವುದು ಅವಳಿಗೆ ಬಲವೂ ಹೌದು. ಕೃಷ್ಣಪ್ಪಗೌಡ ಎಂಬ ಹೆಸರನ್ನು ನೋಡಿ. ನಮ್ಮ ಕಣ್ಣಿಗೆ ಐದು ಅಕ್ಷರ. ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಸಂಕೇತ ಕೊಡುವ ಯೂನಿಕೋಡಿನಲ್ಲಿ ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆ ಪ್ರತಿಯೊಂದಕ್ಕೂ ಬೇರೆ ಸಂಕೇತವಿರುವುದರಿಂದ ಕಂಪ್ಯೂಟರಿಗೆ ಅವು ಹನ್ನೊಂದು. ಹೆಸರಿಗೆ ಹತ್ತರ ಮಿತಿ ಸಾಕೆಂದು ಯಾರೋ ಇಟ್ಟುಬಿಟ್ಟರೆ ಅವರು ಕೃಷ್ಣಪ್ಪಗೌ ಆಗಿ ಉಳಿಯುತ್ತಾರೆ. ಆಮೇಲೆ ಆಧಾರಿನಲ್ಲೊಂದು ಹೆಸರು, ಪಹಣಿಯಲ್ಲೊಂದು ಹೆಸರು, ಪರಿಹಾರದ ಹಣ ತಡ. ಕನ್ನಡದ ಹೆಸರಿಟ್ಟುಕೊಂಡವರ ಕಷ್ಟ ಗೊತ್ತಿರುವವರು ಇಂಥ ವ್ಯವಸ್ಥೆಗಳನ್ನು ಕಟ್ಟುವ ಜಾಗದಲ್ಲಿ ಕೂರಬೇಕು ಎಂಬುದು ನನ್ನ ಬಹುಕಾಲದ ಆಸೆ.

ಬಿಸಿಎ ಬಗ್ಗೆಯೂ ಕೇಳಿದ್ದೀರಿ. ಅದನ್ನು ಕೀಳಾಗಿ ಕಾಣಬೇಡಿ. ಮೂರು ವರ್ಷದ ಬಿಸಿಎ, ಮೇಲೆ ಎರಡು ವರ್ಷದ ಎಂಸಿಎ ಮಾಡಿದವರು ಇಂಜಿನಿಯರುಗಳ ಸರಿಸಮಾನವಾಗಿ ದುಡಿಯುತ್ತಿದ್ದಾರೆ. ಎಂಸಿಎ ಹುಟ್ಟಿದ್ದೇ ಪ್ರೊ. ವಿ. ರಾಜಾರಾಮನ್ ನೇತೃತ್ವದ ಸಮಿತಿಯ ಸಲಹೆಯಿಂದ, 1980ರ ದಶಕದ ಆರಂಭದಲ್ಲಿ, ದೇಶಕ್ಕೆ ಬೇಕಾದ ಕಂಪ್ಯೂಟರ್ ಪರಿಣತರನ್ನು ತಯಾರುಮಾಡಲೆಂದು. 2024-25ರಿಂದ ಬಿಸಿಎ ಕೂಡ ಎಐಸಿಟಿಇ ವ್ಯಾಪ್ತಿಗೆ ಬಂದಿದೆ. ಮನೆಯಿಂದ ಓಡಾಡಿಕೊಂಡು ಓದಬೇಕಾದ ಸ್ಥಿತಿಯಿದ್ದರೆ ಅದೇ ಒಳ್ಳೆಯ ದಾರಿ. ಆದರೆ ರ‍್ಯಾಂಕ್ ಬಂದು, ಒಳ್ಳೆಯ ಕಾಲೇಜಿನ ಸೀಟು ಕೈಗೆಟಕುವಂತಿರುವಾಗ, ಮಗಳಿಗೂ ಮನಸ್ಸಿರುವಾಗ, ಬಿ.ಇ. ಕಡೆಗೇ ನನ್ನ ಒಲವು.

ಹಣದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಜಮೀನು ಮಾರಬೇಡಿ, ಕೈಸಾಲ ಮಾಡಬೇಡಿ. ಬ್ಯಾಂಕಿನ ಶಿಕ್ಷಣ ಸಾಲದಲ್ಲಿ 4 ಲಕ್ಷ ರೂಪಾಯಿವರೆಗೆ ಆಸ್ತಿ ಅಡಮಾನ ಬೇಕಿಲ್ಲ. ಆದಾಯ ಕಡಿಮೆಯಿರುವ ಕುಟುಂಬದ ಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ ಇರುವ ಎಸ್‌ಎನ್‌ಕ್ಯೂ ಸೀಟುಗಳಿವೆ, ಕೇಳಿ ನೋಡಿ. ಮ್ಯಾನೇಜ್‌ಮೆಂಟ್ ಸೀಟಿನ ಆಸೆ ತೋರಿಸುವ ಮಧ್ಯವರ್ತಿಗಳನ್ನು ಮನೆಯ ಹೊಸ್ತಿಲು ದಾಟಲು ಬಿಡಬೇಡಿ.

ಇನ್ನು ಕೌನ್ಸೆಲಿಂಗ್. ಮಗಳು ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ್ದಾಳೆ. ಸಿಇಟಿ ಸೀಟುಗಳಲ್ಲಿ ಗ್ರಾಮೀಣ ಮೀಸಲಾತಿ ಶೇಕಡಾ 15, ಕನ್ನಡ ಮಾಧ್ಯಮ ಮೀಸಲಾತಿ ಶೇಕಡಾ 5 ಇದೆ. ಅರ್ಜಿಯಲ್ಲಿ ಎರಡನ್ನೂ ಕೋರಿದ್ದೀರಾ, ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಸಹಿ ಆಗಿದೆಯೇ ಎಂದು ಇಂದೇ ನೋಡಿಕೊಳ್ಳಿ. ಆಯ್ಕೆಗಳನ್ನು ತುಂಬುವಾಗ ಸಿಗಬಹುದಾದದ್ದನ್ನು ಲೆಕ್ಕ ಹಾಕುತ್ತಾ ಕೂರದೆ, ನಿಜವಾಗಿ ಬೇಕಾದದ್ದನ್ನು ಮೇಲಿಡಿ. ಮೇಲಿನ ಆಯ್ಕೆ ಸಿಗದಿದ್ದರೆ ಕೆಳಗಿನದಕ್ಕೆ ನಷ್ಟವೇನೂ ಇಲ್ಲ. ಕಾಲೇಜುಗಳನ್ನು ಮೊದಲು ಆರಿಸಿ, ಒಂದೊಂದು ಕಾಲೇಜಿಗೂ ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಷನ್ ಸೈನ್ಸ್ ಎರಡನ್ನೂ ಅಕ್ಕಪಕ್ಕದಲ್ಲಿ ತುಂಬಿ. ಸೀಟು ಹಂಚಿಕೆಯಾದ ಮೇಲೆ ಅದು ಒಪ್ಪಿಗೆಯಾದರೆ ಛಾಯ್ಸ್ 1. ಅದನ್ನು ಕೈಯಲ್ಲಿಟ್ಟುಕೊಂಡೇ ಮುಂದಿನ ಸುತ್ತಿನಲ್ಲಿ ಇನ್ನೂ ಮೇಲಿನದಕ್ಕೆ ಪ್ರಯತ್ನಿಸಬೇಕೆಂದರೆ ಛಾಯ್ಸ್ 2. ಛಾಯ್ಸ್ 3 ಒತ್ತಿದರೆ ಸಿಕ್ಕ ಸೀಟು ಹೋಗುತ್ತದೆ, ಛಾಯ್ಸ್ 4 ಒತ್ತಿದರೆ ಪ್ರಕ್ರಿಯೆಯಿಂದಲೇ ಹೊರಗೆ. ಸೈಬರ್ ಸೆಂಟರಿನವರ ಕೈಗೆ ಬಿಡದೆ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಕೈಯಿಂದಲೇ ತುಂಬಿಸಿ, ಮುದ್ರಿತ ಪ್ರತಿಯನ್ನು ಇಟ್ಟುಕೊಳ್ಳಿ.

ನಿಮ್ಮ ವಿಶ್ವಾಸಿ,
ಸಂಪಾದಕ