ಫುಕುಶಿಮಾ ಕ್ಲೀನ್ ಮಾಡಿದ್ಮೇಲೂ ಜನ ಯಾಕೆ ವಾಪಸ್ ಹೋಗ್ತಿಲ್ಲ?

ಜಪಾನಿನ ಫುಕುಶಿಮಾದಲ್ಲಿ ರೇಡಿಯೇಷನ್ ಕಮ್ಮಿ ಆಗಿದೆ, ಸರ್ಕಾರನೇ ಹೋಗಿ ಅಂತಿದೆ, ಸ್ವಂತ ಮನೆಗೆ ಹೋಗೋಕೆ ಬರೀ ಭಯನಾ ಅಂತ ಕೇಳಿದೀರ. ಬರೀ ಭಯ ಅಲ್ಲ. ನಾನಿರೋದು ಬೆಂಗಳೂರು ವಿಜಯನಗರದಲ್ಲಿ, ಆದ್ರೆ ನಮ್ಮನೆಯವ್ರು ಶರಾವತಿ ಮುಳುಗಡೆಯವ್ರು, ಲಿಂಗನಮಕ್ಕಿ ಡ್ಯಾಮ್ ಆದಾಗ ತೋಟ ಮನೆ ಬಿಟ್ಟು ಎದ್ದು ಬಂದವ್ರು, ಹಾಗಾಗಿ ಇಂಥದ್ದು ಎಲ್ಲಿ ಸಿಕ್ರೂ ಬಿಡದೆ ಓದ್ತೀನಿ.

ನಮ್ಮಜ್ಜಿಗೆ ಮನೆಗಿಂತ ಜಾಸ್ತಿ ನೆನಪಾಗ್ತಿದ್ದಿದ್ದು ಹೊಳೆ ದಂಡೆಯ ಅಪ್ಪೆಮಿಡಿ ಮರ. ಮಿಡಿ ಕೊಯ್ದು ಉಪ್ಪಲ್ಲಿ ಹಾಕಿ, ಉಪ್ಪಿನಕಾಯಿ ಆದ್ಮೇಲೆ ಅಕ್ಕಪಕ್ಕದ ಮನೆಗೆಲ್ಲಾ ಹಂಚೋದು. ಇಲ್ಲಿ ಮಲ್ಲೇಶ್ವರಂ ಮಾರ್ಕೆಟ್ಟಿಂದ ಮಿಡಿ ತಂದುಕೊಟ್ರೆ ತೊಟ್ಟು ಮುರಿದು ಮೂಸಿ, ಸೊನೆ ಪರಿಮಳ ಸಾಲ್ದು ಅಂತ ಪಕ್ಕಕ್ಕಿಡೋರು.

ಫುಕುಶಿಮಾದಲ್ಲಿ ಕೆಟ್ಟಿರೋದು ಹೆಚ್ಚುಕಮ್ಮಿ ಇದೇ, ಊರಲ್ಲಿ ಸಿಕ್ಕಿದ್ದನ್ನ ತಂದು ಹಂಚೋದು. 2011ರ ಅಣುಸ್ಥಾವರ ದುರಂತ ಆದ್ಮೇಲೆ ಚಾವಣಿ ತೊಳೆದ್ರು, ಗದ್ದೆ ಅಂಗಳದ ಮೇಲ್ಮಣ್ಣು 5 ಸೆಂಟಿಮೀಟರ್ ಕೆರೆದು ಕಪ್ಪು ಚೀಲಕ್ಕೆ ತುಂಬಿದ್ರು, ಆದ್ರೆ ಕಾಡನ್ನ ಮನೆಯಿಂದ 20 ಮೀಟರ್ ತನಕ ಮಾತ್ರ ಕ್ಲೀನ್ ಮಾಡೋಕಾಯ್ತು. ಅಲ್ಲಿ ಬಿದ್ದ ವಿಕಿರಣ ವಸ್ತು ಸೀಸಿಯಂ-137 ಅರ್ಧ ಆಗೋಕೇ 30 ವರ್ಷ ಬೇಕು. ಈಟಾಟೆ ಥರದ ಗುಡ್ಡದೂರಲ್ಲಿ ಅಣಬೆ, ಕಾಡುಸೊಪ್ಪು ಕಿತ್ತು ತಂದು ನೆರೆಮನೆಗೆ ಕೊಡೋದೇ ಬಾಂಧವ್ಯ, ಈಗ ಅಜ್ಜ ಕೊಟ್ಟ ಅಣಬೆನ ಸೊಸೆ ಮಕ್ಕಳಿಗೆ ಬಡಿಸ್ಬೇಕಾ ಬೇಡ್ವಾ, ಬೇಡ ಅಂದ್ರೆ ಅಜ್ಜನ ಮುಖ ಹೇಗೆ ನೋಡೋದು? ಮೀಟರ್ ರೀಡಿಂಗ್ ಇದಕ್ಕೆ ಉತ್ತರ ಕೊಡಲ್ಲ.

ನಂಬಿಕೆ ವಿಷಯಕ್ಕೆ ಬಂದ್ರೆ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದ ಕಥೆ ನೋಡಿ. 1946ರಲ್ಲಿ ಅಣುಬಾಂಬ್ ಪರೀಕ್ಷೆಗೆ ಅಂತ 167 ಜನನ ಎಬ್ಬಿಸಿದ್ರು, 1968ರಲ್ಲಿ ಅಮೆರಿಕದ ಅಧ್ಯಕ್ಷ ಜಾನ್ಸನ್ ವಾಪಸ್ ಹೋಗ್ಬಹುದು ಅಂದ್ರು, ಕೆಲವು ಕುಟುಂಬ ಹೋಗಿ ಅಲ್ಲೇ ಬೆಳೆದ ತೆಂಗಿನಕಾಯಿ ತಿಂದ್ರು, ತೆಂಗಿನಮರ ಪೊಟ್ಯಾಸಿಯಂ ಜೊತೆ ಸೀಸಿಯಂನೂ ಹೀರ್ಕೊಳ್ಳುತ್ತೆ, ಅದು ಇವ್ರ ಮೈಗೆ ಸೇರ್ತು. 1978ರಲ್ಲಿ ಮತ್ತೆ ಎಬ್ಬಿಸಿದ್ರು. ಇಷ್ಟಾದ್ಮೇಲೆ "ಸೇಫ್" ಅನ್ನೋ ಮಾತನ್ನ ಯಾವ ತಾಯಿ ಸುಮ್ನೆ ನಂಬ್ತಾಳೆ ಹೇಳಿ.

ಇನ್ನು ಫುಕುಶಿಮಾದ ನಾಮಿಯೆ ಪಟ್ಟಣ. ಮುಂಚೆ ಸುಮಾರು 21 ಸಾವಿರ ಜನ, 2017ರ ಮಾರ್ಚ್ ಕೊನೆಗೆ ಒಂದು ಭಾಗದ ನಿರ್ಬಂಧ ತೆಗೆದ್ರು, ಅಷ್ಟೊತ್ತಿಗೆ ಆರು ವರ್ಷ ಆಗಿತ್ತು. ಹೊರಗಡೆ ಕೆಲಸ ಹಿಡಿದು ಮಕ್ಕಳನ್ನ ಸ್ಕೂಲಿಗೆ ಹಾಕಿದವ್ರು ಕಿತ್ಕೊಂಡು ಬರ್ತಾರಾ? ವಯಸ್ಸಾದವ್ರು ಬರ್ತಾರೆ, ಅವ್ರಿಗೆ ಡಾಕ್ಟರ್ ಬೇಕು, ಅಂಗಡಿ ಬೇಕು, ಗಿರಾಕಿ ಇಲ್ದೆ ಅಂಗಡಿ ತೆಗೆಯೋರಿಲ್ಲ. ಪರಿಹಾರದ ದುಡ್ಡನ್ನೂ ವಲಯ ನೋಡಿ ಕೊಟ್ಟಿದ್ದು, ಗೆರೆಯ ಆಚೆ ಮನೆಗೆ ಒಂದು ಲೆಕ್ಕ, ಈಚೆ ಮನೆಗೆ ಇನ್ನೊಂದು, ಅಲ್ಲಿಗೆ ಮಾತೂ ನಿಲ್ಲುತ್ತೆ. ನಮ್ಮ ಮುಳುಗಡೆಯವ್ರಿಗೂ ಇದು ಗೊತ್ತು.

ಹೋಗದಿರೋರನ್ನ ಹೆದರುಪುಕ್ಕಲರು, ಹೋದವ್ರನ್ನ ಹಠಮಾರಿಗಳು ಅನ್ನೋದು ಎರಡೂ ತಪ್ಪು. ಊರು ಬಿಡಿ ಅನ್ನೋ ಆದೇಶ ಇಲ್ಲದ ಜಾಗದಿಂದ ತಾವಾಗೇ ಹೊರಟವ್ರಿಗೆ ಕೊಡ್ತಿದ್ದ ಉಚಿತ ಮನೆ ಸೌಲಭ್ಯವನ್ನ 2017ರ ಮಾರ್ಚ್‌ಗೆ ನಿಲ್ಲಿಸಿದ್ದು ನನಗೆ ಸರಿ ಅನ್ಸಲ್ಲ, ಅದು ಕೈ ಹಿಡಿದು ವಾಪಸ್ ಎಳೆದಂಗೆ. ಒಳ್ಳೇದು ಅನ್ಸಿದ್ದು ಒಂದೇ, ಅಲ್ಲಿನ ಊರುಗಳಲ್ಲಿ ಜನ ತಾವು ಬೆಳೆದ ತರಕಾರಿ, ಕಾಡಿಂದ ತಂದ ಸೊಪ್ಪು ಎಲ್ಲಾ ಹತ್ತಿರದ ಕೇಂದ್ರಕ್ಕೆ ಒಯ್ದು ರೇಡಿಯೇಷನ್ ಅಳೆಸಿಕೊಂಡು ಬರ್ತಾರೆ. ನೆರೆಮನೆಗೆ ಮತ್ತೆ ಏನಾದ್ರೂ ಕೊಡೋಕೆ ಅಲ್ಲಿಂದಲೇ ಶುರು.