ಕಡ್ಡಿಗೆ ಮಣ್ಣು ಮೆತ್ತಿದ್ದು ಯಾರು?

ಪ್ರಶ್ನೆ: ಮಳೆಗಾಲದಲ್ಲಿ ನಮ್ಮೂರ ಕಾನಿನ ಹಳ್ಳದಲ್ಲಿ, ನೀರಿಗಿಂತ ತುಸು ಮೇಲೆ, ಕಡ್ಡಿಯೊಂದಕ್ಕೆ ಹಸಿಮಣ್ಣು ಮೆತ್ತಿತ್ತು. ಕುಂಬಾರ ಹುಳುವಿನ ಗೂಡೇ?
– ಓದುಗರು, ಸಿದ್ದಾಪುರ

ಉತ್ತರ: ಕುಂಬಾರ ಹುಳು ಮಳೆ ತಾಗದ ಗೋಡೆ, ಮಾಡಿನಡಿ ಹುಡುಕುತ್ತದೆ. ಅದರ ಗೂಡು ಒಣಗಿ ಗಟ್ಟಿಯಾಗಿರುತ್ತದೆ. ನೀರಿನ ಮೇಲೆಯೇ ಹಸಿಯಾಗಿ ಅಂಟಿಕೊಂಡಿದ್ದರೆ ಅದು ಬಹುಶಃ ಕುಂಬಾರ ಕಪ್ಪೆಯ ಕೆಲಸ. ಎರಡಿಂಚನ್ನೂ ಮೀರದ ಈ ಇರುಳುಗಪ್ಪೆಯನ್ನು ಕಪ್ಪೆ ಸಂಶೋಧಕ ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ನಿಮ್ಮದೇ ತಾಲೂಕಿನ ಕತ್ತಲೆಕಾನಿನಿಂದ ಹೊಸ ಪ್ರಭೇದವೆಂದು ವಿವರಿಸಿದರು. ನಿಕ್ಟಿಬ್ಯಾಟ್ರಕಸ್ ಕುಂಬಾರ ಎಂಬುದು ಶಾಸ್ತ್ರೀಯ ಹೆಸರು.

ಗಂಡು ಆಳವಿಲ್ಲದ ನೀರಿನಲ್ಲಿ ಕೂತು ಕೂಗುತ್ತದೆ. ಹೆಣ್ಣು ಬಂದಮೇಲೆ ಜೋಡಿ ಮುಂಗಾಲೂರಿ ತಲೆಕೆಳಗಾಗಿ ನಿಲ್ಲುತ್ತದೆ. ಹೆಣ್ಣು ಅದೇ ಭಂಗಿಯಲ್ಲಿ ಮೊಟ್ಟೆಗಳನ್ನು ಕಡ್ಡಿಗೋ ಕಲ್ಲಿಗೋ ಅಂಟಿಸಿ ಹೊರಟುಹೋಗುತ್ತದೆ. ಉಳಿದದ್ದು ಗಂಡಿನ ಪಾಲು: ಹಳ್ಳದ ತಳದಿಂದ ಮುಂಗೈಯಲ್ಲಿ ಕೆಸರು ಎತ್ತಿ, ಹಿಂಗಾಲ ಮೇಲೆ ನಿಂತು, ಮೊಟ್ಟೆ ಕಾಣದಷ್ಟು ಸವರುತ್ತದೆ. ಬೇರೆ ಯಾವ ಕಪ್ಪೆಯಲ್ಲೂ ಅದುವರೆಗೆ ಇಂಥದ್ದು ದಾಖಲಾಗಿರಲಿಲ್ಲ. ಮೊಟ್ಟೆ ಒಣಗದಿರಲಿ, ತಿನ್ನುವವರ ಕಣ್ಣಿಗೆ ಬೀಳದಿರಲಿ ಎಂದೇ ಈ ಲೇಪ ಎಂಬುದು ಸಂಶೋಧಕರ ಅಂದಾಜು. ಮರಿಗಳು ಹೊರಬಂದು ಕೆಳಗಿನ ನೀರಿಗೆ ಬೀಳುತ್ತವೆ.

ಒಳಗೇನಿದೆ ಎಂದು ದಯವಿಟ್ಟು ಕೆರೆಯಬೇಡಿ. ನೋಡುವುದಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ದಂಡೆಯಲ್ಲೇ ನಿಂತು, ಮಂದ ಬೆಳಕಿನಲ್ಲಿ ನೋಡಿ. ಹಳ್ಳಕ್ಕಿಳಿದರೆ ಮೊಟ್ಟೆಯಿರುವ ಕಡ್ಡಿಯನ್ನೇ ತುಳಿದೀರಿ. ಕೂಗನ್ನು ಮೊಬೈಲಿನಲ್ಲಿ ಎರಡು ನಿಮಿಷ ಧ್ವನಿಮುದ್ರಿಸಿ, ಜಾಗ ಮತ್ತು ಸಮಯ ಬರೆದಿಟ್ಟರೆ ತಜ್ಞರಿಗೆ ಉಪಯೋಗ.

ಪ್ರಶ್ನೆ: ರಾಮಪತ್ರೆ ಜಡ್ಡಿಗೂ ಈ ಕಪ್ಪೆಗೂ ಏನು ನಂಟು?
– ಓದುಗರು, ಸಾಗರ

ಉತ್ತರ: ನೆರಳು ಮತ್ತು ನೀರು. ಜಡ್ಡಿ ಎಂದರೆ ರಾಮಪತ್ರೆ ಮರಗಳು ಬೆಳೆಯುವ ಕಾಡಿನ ಜೌಗು. ಅಲ್ಲಿನ ಮರಗಳು ಕೆಸರಿನಿಂದ ಮಂಡಿಯಂತೆ ಬೇರು ಮೇಲೆತ್ತಿ ಉಸಿರಾಡುತ್ತವೆ. ಆ ಬೇರುಗಳ ನಡುವೆ ನೀರು ನಿಧಾನವಾಗಿ ಹರಿಯುತ್ತದೆ, ಮೆತ್ತಲು ಬೇಕಾದ ನುಣುಪು ಕೆಸರು ತಂಗುತ್ತದೆ. ಮೇಲಿನ ಮರ ಕಡಿದರೆ ಬೇಸಿಗೆಯಲ್ಲಿ ಒರತೆ ಬತ್ತುತ್ತದೆ, ಮಳೆಗಾಲದಲ್ಲಿ ರಭಸದ ನೀರು ಮೊಟ್ಟೆ ಸಮೇತ ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತದೆ. ಹಾಗೆಂದು ಇದು ಜಡ್ಡಿಗೇ ಸೀಮಿತವಲ್ಲ, ನೆರಳಿರುವ ಕಾಡುಹಳ್ಳಗಳಲ್ಲೂ ಬದುಕುತ್ತದೆ.

ಪ್ರಶ್ನೆ: ಹಳ್ಳದ ಪಕ್ಕದ ಅಡಿಕೆ ತೋಟಕ್ಕೆ ಕೊಳೆ ಔಷಧಿ ಹೊಡೆಯುತ್ತೇವೆ. ಕಪ್ಪೆಗೆ ತೊಂದರೆಯೇ?
– ಓದುಗರು, ಶಿರಸಿ

ಉತ್ತರ: ಹೌದು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣದಲ್ಲಿ ತಾಮ್ರವಿದೆ. ತಾಮ್ರ ಗೊದಮೊಟ್ಟೆಗಳಿಗೆ ವಿಷ. ನೀವು ಔಷಧಿ ಹೊಡೆಯುವ ಮಳೆಗಾಲದಲ್ಲೇ ಅವು ನೀರಿನಲ್ಲಿರುತ್ತವೆ. ಬೋರ್ಡೋ ಬಿಡಿ ಎಂದು ಅಡಿಕೆ ಬೆಳೆಗಾರರಿಗೆ ಹೇಳುವುದು ಸರಿಯಲ್ಲ, ಆದರೆ ಹದ ತಪ್ಪಬಾರದು. ಶೇಕಡಾ 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. ಹಳೆಯ ಸುಣ್ಣಕ್ಕೆ ಸತ್ವ ಕಡಿಮೆ. ಆದ್ದರಿಂದ ಹೊಳೆಯುವ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ನೋಡಿ. ಕೆಂಪು ಲೇಪ ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ ಎಂದರ್ಥ, ಲೇಪ ಕೂರದಂತಾಗುವ ತನಕ ಸುಣ್ಣದ ತಿಳಿ ಸೇರಿಸಿ. ಬಿಡಿ ತಾಮ್ರ ಹಿಂಗಾರವನ್ನೂ ಸುಡುತ್ತದೆ. ಹಳ್ಳದ ದಂಡೆಯ ಸಾಲಿಗೆ ಹೊಡೆಯುವಾಗ ಪಿಚಕಾರಿ ತೋಟದ ಕಡೆಗೇ ಇರಲಿ. ಡ್ರಮ್ಮು, ಪೈಪು ತೊಳೆದ ನೀರನ್ನು ಹಳ್ಳಕ್ಕೆ ಬಿಡದೆ, ದೂರದಲ್ಲಿ ಗುಂಡಿ ತೋಡಿ ಅದರಲ್ಲಿ ಇಂಗಿಸಿ.