ಓದುಗರ ಪ್ರಶ್ನೆ: ಮಧ್ಯಾಹ್ನದ ಲೆಕ್ಕ ತಪ್ಪುವುದೇಕೆ?

ಪ್ರಶ್ನೆ: ಕಲಬುರಗಿಯ ಒಂದು ದಾಲ್ ಮಿಲ್ಲಿನ ಲೆಕ್ಕಪತ್ರ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಕಚೇರಿಯಲ್ಲಿ 11 ಜನರಿದ್ದೇವೆ. ಅವರಲ್ಲಿ 4 ಮಂದಿ ಮಹಿಳೆಯರು. ಬೇಸಿಗೆ ಬಂತೆಂದರೆ ಮಧ್ಯಾಹ್ನ ಮೂರರ ನಂತರ ತೂಕದ ಚೀಟಿಗೂ ಬಿಲ್ಲಿಗೂ ತಾಳೆಯಾಗುವುದಿಲ್ಲ, ಒಬ್ಬರಲ್ಲ ಒಬ್ಬರು ತಲೆನೋವು ಎನ್ನುತ್ತಾರೆ. ನೀರಿನ ಕ್ಯಾನು ಬಾಗಿಲ ಬಳಿ ಇದ್ದೇ ಇದೆ. ನೀರು ಕಡಿಮೆ ಕುಡಿಯುವುದಕ್ಕೂ ಕೆಲಸದ ಮೇಲಿನ ಗಮನಕ್ಕೂ ನಿಜವಾಗಿ ಸಂಬಂಧವಿದೆಯೇ? ಗಂಟೆಗೊಂದು ಲೋಟ ಕುಡಿಯಬೇಕೆಂದು ನಿಯಮ ಮಾಡಬಹುದೇ?

ಉತ್ತರ: ಸಂಬಂಧವಿದೆ, ಆದರೆ ತಪ್ಪಿನ ಹೊರೆಯನ್ನೆಲ್ಲ ನೀರಿನ ಮೇಲೆಯೇ ಹಾಕುವಂತಿಲ್ಲ. ದೇಹದ ತೂಕದ ಶೇ 2ರಷ್ಟು ನೀರು ಕಡಿಮೆಯಾದಾಗ, ಅಂದರೆ 60 ಕಿಲೊ ತೂಕದವರಲ್ಲಿ ಸುಮಾರು 1.2 ಲೀಟರ್ ಹೋದಾಗ, ಗಮನ ಕದಲುವುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಬಹಳ ಹೊತ್ತು ಒಂದೇ ಕಡೆ ಮನಸ್ಸಿಟ್ಟು ಮಾಡುವ ಕೆಲಸಕ್ಕೆ ಇದರ ಪೆಟ್ಟು ಬೀಳುತ್ತದೆ. ಚೀಟಿಯ ಅಂಕಿಯನ್ನು ಬಿಲ್ಲಿನೊಂದಿಗೆ ತಾಳೆ ನೋಡುವುದು ಅಂಥದೇ ಕೆಲಸ. ಊಟದ ನಂತರದ ಮಂಪರು, ಸೆಕೆಯಿಂದ ಕೆಟ್ಟ ರಾತ್ರಿಯ ನಿದ್ದೆ, ಇವೂ ಜೊತೆಗೂಡುತ್ತವೆ. ಸಾಕಷ್ಟು ನೀರು ಕುಡಿದವರು ಇನ್ನಷ್ಟು ಕುಡಿದ ಮಾತ್ರಕ್ಕೆ ಬುದ್ಧಿ ಚುರುಕಾಗುವುದಿಲ್ಲ.

ನಮ್ಮ ಭಾಗದ್ದು ಒಣ ಬಿಸಿಲು. ಬೆವರು ಅಂಗಿಯನ್ನು ತೋಯಿಸುವ ಮೊದಲೇ ಫ್ಯಾನಿನ ಗಾಳಿಗೆ ಆರಿಹೋಗುವುದರಿಂದ, ಕುರ್ಚಿಯಲ್ಲಿ ಕುಳಿತವರಿಗೆ ಮೈಯಿಂದ ನೀರು ಹೋಗುತ್ತಿರುವುದೇ ತಿಳಿಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುತ್ತ ಬಂದಿರುವುದು ಈ ಬಿಸಿಲಿಗಾಗಿಯೇ. ನಿಮ್ಮ ವೇಳೆ ಬದಲಾಗದಿದ್ದರೂ ತಾಳೆ ನೋಡುವ ಕೆಲಸವನ್ನು ಮುಂಜಾನೆಗೆ ತಂದುಕೊಳ್ಳಬಹುದು.

ಇನ್ನು ಆ ಕ್ಯಾನಿನ ವಿಷಯ. ಅದಕ್ಕೆ ಮಧ್ಯಾಹ್ನ ಬಿಸಿಲು ತಾಗುತ್ತದೆಯೇ ಎಂದು ಮೂರು ಗಂಟೆಗೆ ಒಂದು ಲೋಟ ಬಗ್ಗಿಸಿ ಕುಡಿದು ನೋಡಿ. ಬೆಚ್ಚಗಾದ ನೀರಾಗಲಿ ಸವಳು ನೀರಾಗಲಿ ಎರಡು ಗುಟುಕಿಗೆ ಸಾಕೆನಿಸುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಕಡೆ ಒಂದು ಮಣ್ಣಿನ ಹರವಿಯನ್ನು ಇಡಿ. ಅದರ ಮೈಯಿಂದ ಜಿನುಗಿದ ನೀರು ಆರುತ್ತ ಒಳಗಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಗಾಳಿ ಒಣಗಿದ್ದಷ್ಟೂ ನೀರು ಹೆಚ್ಚು ತಂಪಾಗುವುದರಿಂದ ನಮ್ಮ ಕಡೆಗೆ ಅದಕ್ಕಿಂತ ಒಪ್ಪುವ ಏರ್ಪಾಡಿಲ್ಲ.

ಎಲ್ಲಕ್ಕಿಂತ ಮೊದಲು ನೀವು ನೋಡಬೇಕಾದದ್ದು ಶೌಚಾಲಯವನ್ನು. ಚಿಲಕ ಸರಿಯಿದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ, ಅಲ್ಲಿಗೆ ಹೋಗಲು ಮಹಿಳೆಯರು ಲಾರಿ ತುಂಬುವವರ ಗುಂಪನ್ನು ಹಾದುಹೋಗಬೇಕೇ? ಹಾಗಿದ್ದರೆ ಅವರು ಬೆಳಗಿನಿಂದಲೇ ನೀರು ಕುಡಿಯದೆ ಇರುತ್ತಾರೆ, ನಿಮ್ಮೆದುರು ಬಾಯಿಬಿಟ್ಟು ಹೇಳಲಿಕ್ಕಿಲ್ಲ. ತಲೆನೋವಷ್ಟೇ ಅಲ್ಲ, ಮೂತ್ರದ ಸೋಂಕಿಗೂ ಇದು ದಾರಿ. ಕುಡಿಯುವ ನೀರಿನ ಜಾಗ ಶೌಚಾಲಯದಿಂದ ಕನಿಷ್ಠ 6 ಮೀಟರ್ ದೂರವಿರಬೇಕು, 250ಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ಬೇಸಿಗೆಯಲ್ಲಿ ತಣ್ಣೀರು ಒದಗಿಸಬೇಕು ಎಂದು 1948ರ ಕಾರ್ಖಾನೆಗಳ ಕಾಯ್ದೆಯೇ ಹೇಳಿತ್ತು. 11 ಜನರ ಕಚೇರಿಗೆ ಅಷ್ಟು ಮಾಡಲು ಕಾಯ್ದೆಯ ಒತ್ತಾಯ ಬೇಕಾಗಿಲ್ಲ.

ನಿಯಮ ಬೇಡ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗಾಗಿ ವೈದ್ಯರು ನೀರಿಗೆ ಮಿತಿ ಹಾಕಿದವರು ನಿಮ್ಮಲ್ಲಿಯೂ ಇರಬಹುದು. ಮೂತ್ರದ ಬಣ್ಣ ತಿಳಿ ಹಳದಿಯಿದ್ದರೆ ಸಾಮಾನ್ಯವಾಗಿ ನೀರು ಸಾಕಾಗಿದೆ, ಗಾಢವಾಗಿದ್ದರೆ ಇನ್ನೂ ಬೇಕು ಎಂದು ತಿಳಿಸಿದರೆ ಸಾಕು. ಅಂಗಳದಲ್ಲಿ ಚೀಲ ಹೊರುವ ಹಮಾಲರ ಮಾತು ಬೇರೆ: ಅವರಿಗೆ 15–20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಬೇಕು, ಬೆವರಿನೊಂದಿಗೆ ಹೋದ ಉಪ್ಪಿಗೆ ನಡುವೆ ಉಪ್ಪು ಹಾಕಿದ ಮಜ್ಜಿಗೆಯೂ ಬೇಕು.

ಪ್ರಶ್ನೆ: ಕಚೇರಿಯಲ್ಲಿ ದಿನಕ್ಕೆ ನಾಲ್ಕು ಸಲ ಚಹಾ ಕುಡಿಯುತ್ತೇನೆ. ಅದು ನೀರಿನ ಲೆಕ್ಕಕ್ಕೆ ಬರುತ್ತದೆಯೇ? (ಯಾದಗಿರಿಯಿಂದ)

ಉತ್ತರ: ಬರುತ್ತದೆ. ಮಿತವಾಗಿ ಕುಡಿಯುವ ಚಹಾ ಮೈಯ ನೀರನ್ನು ಒಣಗಿಸುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಆದರೆ ಚಹಾದಂಗಡಿಯ ಒಂದು ಸಣ್ಣ ಗ್ಲಾಸಿನಲ್ಲಿ ಹಿಡಿಯುವುದು ಕೆಲವೇ ಗುಟುಕು, ಸಕ್ಕರೆಯೂ ಧಾರಾಳ. ಸಂಜೆಯ ಚಹಾ ನಿದ್ದೆ ಕೆಡಿಸಿದರೆ ಮರುದಿನದ ಕೆಲಸವೂ ಕೆಡುತ್ತದೆ. ನಾಲ್ಕರಲ್ಲಿ ಕೊನೆಯದನ್ನು ಬಿಟ್ಟು, ಉಳಿದ ಪ್ರತಿ ಚಹಾಕ್ಕೂ ಮೊದಲು ಒಂದು ಲೋಟ ನೀರು ಕುಡಿಯಿರಿ.